ಸವಣೂರಿನ ಎಲೆ, ಮುಂಬಯಿಯ ಪಂಕ್ತಿ

ಮುಂಬಯಿಗೆ ಬಂದ ಮೊದಲ ವಾರವೇ ನನ್ನ ಕಣ್ಣನ್ನು ನಾನೇ ನಂಬದಂಥ ಸಂಗತಿಯೊಂದನ್ನು ಕಂಡೆ. ಕುಡಿದು ತೂರಾಡುತ್ತ ಬಂದ ನನ್ನ ಗಂಡನನ್ನು ಖಾನಾವಳಿಯ ಮುದುಕಿ ಯಮುನಾಬಾಯಿ ತೋಳು ಹಿಡಿದು ಊಟದ ಪಂಕ್ತಿಯ ನಟ್ಟನಡುವೆ ಕೂರಿಸಿದಳು. "ಬಸ್ ರೇ ಬಾಬಾ, ಜೇವ್ ಆಧೀ" ಅಂದಳು. ಕೂತುಕೋ ಮಾರಾಯಾ, ಮೊದಲು ಊಟ ಮಾಡು ಎಂದು ಅದರ ಅರ್ಥವಂತೆ. ನಾನು ನಾಚಿಕೆಯಿಂದ ಕುಗ್ಗಿಹೋದೆ. ಪಂಕ್ತಿಯಲ್ಲಿದ್ದ ಗಿರಣಿ ಕೆಲಸಗಾರರು ಮಾತ್ರ ಸುಮ್ಮನೆ ಸರಿದು ಜಾಗ ಮಾಡಿಕೊಟ್ಟರು.

ನಮ್ಮ ಸವಣೂರಿನಲ್ಲಿ ಇದು ಆಗುವ ಮಾತಲ್ಲ. ನಮ್ಮವರದು ವೀಳ್ಯದೆಲೆ ತೋಟದ ಮನೆತನ. ಅಲ್ಲಿ ಎಲೆ ಅಡಿಕೆ ಕೊಟ್ಟರೆ ನೀನು ನಮ್ಮವನು ಎಂದ ಹಾಗೆ. ನಮ್ಮ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಇವರು ಸೇಂದಿ ಅಂಗಡಿಯ ಹಾದಿ ಹಿಡಿದರು. ಮನೆಗೆ ಹಿರಿಯರಾದ ಇವರ ದೊಡ್ಡಪ್ಪ ಎಲ್ಲರೆದುರು ಹೇಳಿಬಿಟ್ಟರು: "ಇಂವ ಕುಡಿಯೋದು ಬಿಡೂತನಕಾ ಯಾರೂ ಎಲಿ ಅಡಕಿ ಕೊಡಬ್ಯಾಡ್ರಿ. ಒಬ್ಬಂವನ ಆದ್ರ ಬುದ್ಧಿ ಬರ್ತೈತಿ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಅಂದಿನಿಂದ ಇವರು ಕಟ್ಟೆಯ ಮೇಲೆ ಕೂತರೆ ಉಳಿದವರು ಏಳುತ್ತಿದ್ದರು. ಸಂಜೆ ಮಾತ್ರ ಕುಡಿಯುತ್ತಿದ್ದ ಇವರು ಮುಂಜಾನೆಯೂ ಕುಡಿಯತೊಡಗಿದರು. ಕಡೆಗೆ ಊರು ಬಿಟ್ಟೆವು.

ಇಲ್ಲಿ ನಮ್ಮ ಮನೆ ಎಂದರೆ ಚಾಳಿನ ಒಂದು ಖೋಲಿ. ನಮ್ಮ ಊರಿನ ದನದ ಕೊಟ್ಟಿಗೆ ಇದಕ್ಕಿಂತ ದೊಡ್ಡದು. ನಾನು ರೊಟ್ಟಿ ಬಡಿದರೆ ಕೆಳಗಿನವರು ಓಡಿಬಂದು, ಮೇಲೆ ಏನು ಗೋಡೆ ಕೆಡವುತ್ತಿದ್ದೀರಾ ಎಂದು ಜಗಳ ತೆಗೆದರು. ರೊಟ್ಟಿ ಕೊಟ್ಟೆ. ಆಮೇಲೆ ಬಡಿಯದ ದಿನ ಯಾಕೆ ಬಡಿಯಲಿಲ್ಲ ಎಂದು ಕೇಳಲು ಬಂದರು. ಯುದ್ಧದ ಕಾಲ, ಜೋಳಕ್ಕೂ ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲಬೇಕು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಯಮುನಾಬಾಯಿಯ ಅಡಿಗೆಮನೆಗೆ ಕೆಲಸಕ್ಕೆ ಸೇರಿದೆ.

ಒಂದು ಸಂಜೆ ಊಟವಾದ ಮೇಲೆ ಆಕೆ ಎಲೆಯ ಬುಟ್ಟಿಯನ್ನು ಇವರ ಮುಂದೆ ತಂದಿಟ್ಟಳು. ಎಲೆತೋಟದ ಮಗ ಅಲ್ಲವೇ, ಎಲ್ಲರಿಗೂ ಮಡಿಸಿಕೊಡು ಅಂದಳು. ಇವರು ಎಲೆಯನ್ನು ಪಂಚೆಗೆ ಒರೆಸಿ, ತೊಟ್ಟು ಮುರಿದು, ಹಿಂದಿನ ನಾರು ಬಿಡಿಸಿ, ಸುಣ್ಣ ಸವರಿ ಒಬ್ಬೊಬ್ಬರಿಗೇ ಕೊಟ್ಟರು. ಆಮೇಲೆ ದಿನಾ ಅದೇ ಕೆಲಸ. ಎಲೆ ಇಸಿದುಕೊಂಡವರು ಕೂತು ಮಾತಾಡುತ್ತಿದ್ದರು. ಮಗಳ ಹೆಸರನ್ನು ಇವರು ಬಾಯಿಬಿಟ್ಟು ಹೇಳಿದ್ದು ಆ ಪಂಕ್ತಿಯಲ್ಲಿಯೇ, ನನ್ನೆದುರಿಗಲ್ಲ. ನನಗೆ ಹೊಟ್ಟೆಕಿಚ್ಚೂ ಆಯಿತು, ಅಳುವೂ ಬಂತು.

"ಕುಡಿದ್ರ ಕೂಸಿನ ನೆನಪು ಹೋಗ್ತಿತ್ತೇನ್ರಿ?" ಎಂದು ಒಮ್ಮೆ ಕೇಳಿದೆ.

"ನೆನಪ ಎಲ್ಲಿ ಹೋಗ್ತೈತಿ? ಜೋಡಿಗೆ ಯಾರೋ ಅದಾರ ಅನಸ್ತಿತ್ತು, ಅಷ್ಟ."

ಕುಡಿತ ನಾಲಿಗೆಯ ಚಪಲ ಎಂದುಕೊಂಡಿದ್ದ ನನಗೆ ಆಗ ತಿಳಿಯಿತು, ಇದು ಒಂಟಿತನದ ಬೇನೆ ಎಂದು. ನಾವು ಆ ಬೇನೆಗೆ ಇನ್ನಷ್ಟು ಒಂಟಿತನವನ್ನೇ ಮದ್ದೆಂದು ಕೊಟ್ಟಿದ್ದೆವು. ಇಲ್ಲಿಯೂ ಕೆಲವು ಸಲ ಕುಡಿದು ಬಂದರು, ಆದರೂ ಅವರ ತಾಟು ಹಾಕಿಯೇ ಇರುತ್ತಿತ್ತು. ಬರಬರುತ್ತ ಬಿಟ್ಟೇಬಿಟ್ಟರು.

ಆಗ ಇವರ ತಂಗಿಯ ಮದುವೆ ಗೊತ್ತಾಯಿತು. ಹೊಸ ರುಮಾಲು ಸುತ್ತಿಕೊಂಡು, ದಾರಿಯುದ್ದಕ್ಕೂ ನಗುತ್ತ ಸವಣೂರಿಗೆ ಬಂದರು. ಹಂದರದಲ್ಲಿ ಊಟವಾಗಿ ಎಲೆ ಅಡಿಕೆಯ ತಟ್ಟೆ ಬಂತು. ಇವರು ಕೈ ಚಾಚಿದರು. ದೊಡ್ಡಪ್ಪ ತಟ್ಟೆಯನ್ನು ಎತ್ತಿ ಆಚೆಯವರ ಮುಂದೆ ಹಿಡಿದರು.

"ಬಿಟ್ಟೇನಿ ದೊಡ್ಡಪ್ಪಾ," ಅಂದರು ಇವರು.

"ನೀ ಅಂದ್ರ ಆತೇನು? ಇನ್ನೊಂದು ವರ್ಷ ನೋಡೂಣು."

ಚಾಚಿದ ಕೈಯನ್ನು ಇವರು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಎದ್ದುಹೋದವರು ಮರುದಿನ ಮಧ್ಯಾಹ್ನ ಎಲೆತೋಟದ ಕಾಲುವೆಯಲ್ಲಿ, ಕುಡಿದು ಬಿದ್ದು, ಒದ್ದೆಯಾಗಿ ಸಿಕ್ಕರು. ಹತ್ತಿದ ಜ್ವರ ಇಳಿಯಲೇ ಇಲ್ಲ. ನಮ್ಮಲ್ಲಿ ಸತ್ತವರ ಬಾಯಿಗೆ ಎಲೆ ಅಡಿಕೆ ಇಟ್ಟು ಕಳಿಸುವ ಪದ್ಧತಿ. ದೊಡ್ಡಪ್ಪ ಎಲೆ ಹಿಡಿದು, "ತಗೋಪಾ ಮಗನ, ಎಲಿ ತಗೋ" ಎಂದು ಗೊಳೋ ಎಂದು ಅತ್ತರು. ಅವರನ್ನು ಬಯ್ಯಬೇಕೆಂದಿದ್ದೆ. ಆ ಮುದುಕರ ಮುಖ ನೋಡಿ ಆಗಲಿಲ್ಲ.

ಮನೆಮಂದಿ ಊರಿನಲ್ಲೇ ಇರು ಅಂದರು. ಗಂಡ, ಮಗಳು ಇಬ್ಬರೂ ಅಲ್ಲಿಯ ಮಣ್ಣಿನಲ್ಲಿದ್ದಾರೆ. ಆದರೂ ಇರಲಾರದೆ ಯಮುನಾಬಾಯಿಯ ಬಳಿ ಮರಳಿ ಬಂದೆ. ಈಗ ಎಲೆ ಮಡಿಸುವವಳು ನಾನು. ಬುಟ್ಟಿ ಬಿಚ್ಚಿದರೆ ನಮ್ಮ ತೋಟದ ವಾಸನೆ ಬರುತ್ತದೆ.

ಮೊನ್ನೆ ಒಬ್ಬ ಹೊಸಬ ಕುಡಿದು ಬಂದು ಬಾಗಿಲಲ್ಲಿಯೇ ನಿಂತ. ತನ್ನಷ್ಟಕ್ಕೆ ಏನೋ ಗೊಣಗಿದ, ಹಿರೇಕೆರೂರು ಕಡೆಯ ಮಾತು.

"ಒಳಗ ಬರ್ರಿ, ಕುಂದರ್ರಿ. ಮೊದಲ ಊಟ ಮಾಡ್ರಿ," ಅಂದೆ.

ನಮ್ಮ ಮಾತು ಕೇಳಿ ಅವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಉಂಡು ಕೈ ತೊಳೆದ ಮೇಲೆ, "ಯಾವೂರಾಯ್ತ್ರಿ ಅಕ್ಕಾರ ನಿಮ್ಮದು?" ಎಂದು ಕೇಳಿದ.

ಸವಣೂರು ಎನ್ನಲು ಬಾಯಿ ತೆರೆದೆ. ಅದರ ಬದಲು ಬುಟ್ಟಿಗೆ ಕೈ ಹಾಕಿದೆ. ಎಲೆ ಮಡಿಸಿ ಅವನ ಕೈಗೆ ಕೊಟ್ಟೆ.