ಪಳಗಿದ ಒರೆ

ಬೆಳಗಿನ ಐದೂವರೆ. ಕೇನ್ ಫೋರ್ಕ್ ಊರಿನ ಹಿಂದಿನ ಗುಡ್ಡಕ್ಕೆ ಇನ್ನೂ ಬೆಳಕು ಹತ್ತಿಲ್ಲ. ಮನೆಗೆ ಅಂಟಿಕೊಂಡಿರುವ ತಗಡಿನ ಶೆಡ್ಡಿನಲ್ಲಿ ಓಲೀಟಾ ಬರ್ಡೆಟ್ ಒದ್ದೆ ಚರ್ಮವನ್ನು ಹೆಬ್ಬೆರಳುಗಳಿಂದ ಒತ್ತುತ್ತಿದ್ದಾರೆ. ಚರ್ಮದೊಳಗೆ ಒಂದು ಪುಟ್ಟ ಪಿಸ್ತೂಲಿನ ಅಲ್ಯೂಮಿನಿಯಂ ಅಚ್ಚು ಇದೆ. ಒದ್ದೆ ತಾಗದಂತೆ ಅದಕ್ಕೆ ಬ್ರೆಡ್ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಸುತ್ತಿದ್ದಾರೆ. ನಳಿಗೆಯ ಅಂಚು ಮೂಡಿತು, ಹಿಡಿಯ ತಿರುವು ಮೂಡಿತು. ಟ್ರಿಗರಿನ ಸುತ್ತಲಿನ ಬಳೆಯ ಹತ್ತಿರ ಬಂದಾಗ ಹೆಬ್ಬೆರಳು ನಿಧಾನವಾಗುತ್ತದೆ. ಅಲ್ಲಿ ಜಿಂಕೆ ಕೊಂಬಿನ ತುಂಡಿನಿಂದ ತೀಡುತ್ತಾರೆ. ಬಲಗೈ ಹೆಬ್ಬೆರಳಿನ ಗಿಣ್ಣು ಊದಿಕೊಂಡಿದೆ. ಪ್ರತಿ ಐದು ನಿಮಿಷಕ್ಕೊಮ್ಮೆ ಕೈಯನ್ನು ಕಾಫಿ ಲೋಟದ ಬಿಸಿಗೆ ಒತ್ತಿ ಹಿಡಿದು ಮತ್ತೆ ಕೆಲಸಕ್ಕೆ ಹಚ್ಚುತ್ತಾರೆ.

ಪಿಸ್ತೂಲಿನ ಈ ಒರೆಯನ್ನು ಮಾಡಿಕೊಡಿ ಎಂದು ಯಾರೂ ಕೇಳಿಲ್ಲ. ಯಾರಿಗಾಗಿ ಮಾಡುತ್ತಿದ್ದಾರೋ ಆತ ಬೇಡವೇ ಬೇಡ ಎಂದು ಬೈದು ಬಾಗಿಲು ಬಡಿದು ಹೋಗಿ ನಾಲ್ಕು ದಿನವಾಯಿತು.

ಆತನ ಹೆಸರು ಹೋಬರ್ಟ್ ಸ್ಕಾಗ್ಸ್. ವಯಸ್ಸು ಎಪ್ಪತ್ತನಾಲ್ಕು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವರು. ಈ ಫೆಬ್ರವರಿಯಲ್ಲಿ ಹೆಂಡತಿ ಆರ್ಡಿತ್ ತೀರಿಕೊಂಡ ಮೇಲೆ ಆಕೆಯ ಪಿಸ್ತೂಲನ್ನು ಆಕೆಯದೇ ಒರೆಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಾರೆ. ಆ ಒರೆ ಹೊಲಿದವರು ಓಲೀಟಾ. ಇಪ್ಪತ್ತೇಳು ವರ್ಷದ ಹಿಂದೆ.

ವೆಸ್ಟ್ ವರ್ಜೀನಿಯಾದ ಈ ಕಣಿವೆಯಲ್ಲಿ ಬೆಳಿಗ್ಗೆ ಮನೆ ಬಿಡುವ ಮುಂಚೆ ಜನ ಕನ್ನಡಕ, ಕೀಲಿಕೈ, ಪಿಸ್ತೂಲು ಮೂರನ್ನೂ ಮುಟ್ಟಿ ನೋಡಿಕೊಳ್ಳುತ್ತಾರೆ. ಪಿಸ್ತೂಲು ಅಂಗಿಯ ಕೆಳಗೆ, ಪ್ಯಾಂಟಿನ ಒಳಗೆ. ಹೊಸ ಪಿಸ್ತೂಲಿನವರಿಗೆ ತೊಂದರೆಯಿಲ್ಲ. ಹೆದ್ದಾರಿಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಒರೆಗಳು ಗೊಂಚಲು ಗೊಂಚಲಾಗಿ ನೇತಾಡುತ್ತವೆ. ಕಷ್ಟ ಇರುವುದು ಹಳಬರಿಗೆ. ಅಪ್ಪ ಕೊಂಡದ್ದು, ಮಾವ ಬಿಟ್ಟುಹೋದದ್ದು, ನಲವತ್ತು ವರ್ಷದ ಹಿಂದಿನ ಗಿಡ್ಡನೆಯ ಉಕ್ಕಿನ ಪಿಸ್ತೂಲು. ಮಾಡಿದ ಕಂಪನಿಗಳು ಆ ಮಾದರಿಯನ್ನೇ ಮರೆತಿವೆ. ಅದರ ಅಳತೆಯ ಒರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಂಥವರು ಓಲೀಟಾರ ಶೆಡ್ಡಿಗೆ ಬರುತ್ತಾರೆ. ಗೋಡೆಯ ಮೊಳೆಗಳಲ್ಲಿ ಅರವತ್ತೊಂದು ಅಚ್ಚುಗಳಿವೆ, ಎಲ್ಲವೂ ಈಗ ಯಾರೂ ತಯಾರಿಸದ ಪಿಸ್ತೂಲುಗಳವು.

ಅರವತ್ಮೂರು ವರ್ಷದ ಓಲೀಟಾ ಈ ಕೆಲಸಕ್ಕೆ ಕೂತು ಮೂವತ್ನಾಲ್ಕು ವರ್ಷವಾಯಿತು. ಒಂದು ಒರೆಗೆ ಮೂರು ದಿನ. ಕತ್ತರಿಸಿ, ಹೊಲಿದು, ನೆನೆಸಿ, ಅಚ್ಚಿಗೆ ಒತ್ತಿ, ಎರಡು ದಿನ ಒಣಗಿಸಬೇಕು. ಪಿಸ್ತೂಲು ತೂರಿಸುವ ಬಾಯಿ ಮಡಚದಿರಲೆಂದು ಅದಕ್ಕೆ ಇನ್ನೊಂದು ಪಟ್ಟಿ ಚರ್ಮ ಸೇರಿಸಿ ಎರಡು ಸಾಲು ಹೊಲಿಗೆ. ಒಂದು ಇಂಚಿಗೆ ಎಂಟು ಹೊಲಿಗೆ, ಎಲ್ಲವೂ ಕೈಯಲ್ಲೇ.

ಗಿರಾಕಿ ಬಂದರೆ ಅವರು ಮೊದಲು ಪಿಸ್ತೂಲು ನೋಡುವುದಿಲ್ಲ. ಯಾವ ಕೈಯವನು, ದಿನವಿಡೀ ಏನು ಕೆಲಸ, ಭುಜ ಹಿಂದಕ್ಕೆ ಎಷ್ಟು ತಿರುಗುತ್ತದೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ, ಇವೆಲ್ಲ ಕೇಳುತ್ತಾರೆ. ಶೆಡ್ಡಿನ ಮೂಲೆಯಲ್ಲಿ ಗುಜರಿಯಿಂದ ತಂದ ಕಾರಿನ ಸೀಟಿದೆ. ಅದರಲ್ಲಿ ಕೂರಿಸಿ ಬೆಲ್ಟ್ ಹಾಕಿಸುತ್ತಾರೆ. ಬಗ್ಗಿ ಶೂ ಲೇಸು ಕಟ್ಟಲು ಹೇಳುತ್ತಾರೆ. ಮೇಲಿನ ಹಲಗೆಯಿಂದ ಡಬ್ಬಿ ಇಳಿಸಲು ಹೇಳುತ್ತಾರೆ. ಅಂಗಿ ಮೇಲಕ್ಕೆ ಸರಿದು ಪಿಸ್ತೂಲು ಕಂಡರೆ ಆ ಜಾಗ ಸರಿಯಿಲ್ಲ ಎಂದರ್ಥ.

"ಒಂದೇ ಮಾದರಿ ಪಿಸ್ತೂಲು ಎಲ್ರದ್ದೂ ಒಂದೇ ಥರ ಇರತ್ತೆ. ಹೊಟ್ಟೆ ಮಾತ್ರ ಒಬ್ಬೊಬ್ರದ್ದು ಒಂದೊಂದು ಥರ" ಎನ್ನುತ್ತಾರೆ ಓಲೀಟಾ. "ಗಂಡಸ್ರು ಸೊಂಟದ ಅಳತೆ ಹೇಳುವಾಗ ಹತ್ತು ವರ್ಷದ ಹಿಂದಿನದು ಹೇಳ್ತಾರೆ. ಅದಕ್ಕೇ ಟೇಪು ನಾನೇ ಹಿಡೀತೀನಿ."

ಅವರ ಅಂಗಡಿಯ ಕಟ್ಟಳೆ ಒಂದೇ. ಹೊಸ ಒರೆ ಕೈಗೆ ಬರಬೇಕಾದರೆ ಹಳೆಯದನ್ನು ಅಲ್ಲೇ ಕೊಟ್ಟು ಹೋಗಬೇಕು. ಗಿರಾಕಿಯ ಕಣ್ಣೆದುರೇ ಅದರ ಬಾಯನ್ನು ಕತ್ತರಿಸಿ ಬುಟ್ಟಿಗೆ ಹಾಕುತ್ತಾರೆ. ನೆನಪಿಗೆ ಇಟ್ಟುಕೊಳ್ಳುತ್ತೇನೆ, ಡ್ರಾಯರಿನಲ್ಲಿ ಬಿದ್ದಿರಲಿ ಎಂದರೆ ಕೇಳುವುದಿಲ್ಲ. ಡ್ರಾಯರಿನಲ್ಲಿದ್ದದ್ದು ಒಂದು ದಿನ ಸೊಂಟಕ್ಕೆ ಬಂದೇ ಬರುತ್ತದೆ ಎಂಬುದು ಅವರ ವಾದ. ಇದರಿಂದ ಕೆಲವು ಗಿರಾಕಿಗಳು ತಪ್ಪಿಯೂ ಹೋಗಿದ್ದಾರೆ.

ಇಲ್ಲಿಯ ಜನರಿಗೆ ಚರ್ಮ ಮೆತ್ತಗಾದರೆ ಖುಷಿ. ಬೂಟು ಪಳಗಬೇಕು, ಬೇಸ್‌ಬಾಲ್ ಗ್ಲೌಸು ಪಳಗಬೇಕು, ಕುದುರೆಯ ಜೀನು ಪಳಗಬೇಕು. ಅದೇ ಲೆಕ್ಕದಲ್ಲಿ ಇಪ್ಪತ್ತು ವರ್ಷದ ಒರೆಯನ್ನು ಸವರುತ್ತಾ, "ನೋಡು, ಎಷ್ಟು ಚೆನ್ನಾಗಿ ಪಳಗಿದೆ" ಎನ್ನುತ್ತಾರೆ.

"ಪಳಗಿದೆ ಅನ್ನೋ ಮಾತು ನನ್ನ ಮುಂದೆ ಆಡಬೇಡಿ" ಎನ್ನುತ್ತಾರೆ ಓಲೀಟಾ. "ಬೂಟು ಪಳಗಿದ್ರೆ ಕಾಲಿಗೆ ಸುಖ. ಒರೆ ಪಳಗಿದ್ರೆ ಅದರ ಬಾಯಿ ಒಳಕ್ಕೆ ಮಡಚತ್ತೆ. ಪಿಸ್ತೂಲು ತೂರಿಸುವಾಗ ಆ ಮಡಿಕೆ ಬೆರಳಿನ ಹಾಗೆ ಟ್ರಿಗರಿಗೆ ಸಿಕ್ಕಿಕೊಳ್ಳತ್ತೆ. ನೀನು ಒತ್ತಬೇಕಾಗಿಲ್ಲ, ಚರ್ಮಾನೇ ಒತ್ತತ್ತೆ."

ಹನ್ನೊಂದು ವರ್ಷದ ಹಿಂದೆ ಅವರ ಗಂಡ ಡೆನ್ವರ್ ಸತ್ತದ್ದು ಹೀಗೆ. ಆ ಒರೆಯನ್ನು ಹೊಲಿದವರು ಓಲೀಟಾರೇ. ಮದುವೆಯಾದ ಹನ್ನೆರಡನೇ ವರ್ಷ ಕೊಟ್ಟ ಉಡುಗೊರೆ. ಆಗಿನ್ನೂ ಬಾಯಿಗೆ ಎರಡನೇ ಪಟ್ಟಿ ಹೊಲಿಯುವ ಅಭ್ಯಾಸ ಅವರಿಗಿರಲಿಲ್ಲ. ವರ್ಷಗಳು ಉರುಳಿ ಅದು ಬಟ್ಟೆಯಂತಾಯಿತು. ಬದಲಾಯಿಸು ಎಂದರೆ ಡೆನ್ವರ್, "ಇದು ನನ್ನ ಸೊಂಟ ಕಲ್ತಿದೆ ಕಣೇ, ಹೊಸದಕ್ಕೆ ಮತ್ತೆ ಅ ಆ ಇ ಈ ಹೇಳಿಕೊಡಕ್ಕೆ ನನ್ನ ಕೈಲಾಗಲ್ಲ" ಎಂದು ನಗುತ್ತಿದ್ದರು. ಎರಡು ವರ್ಷ ಹೇಳಿ ಹೇಳಿ ಓಲೀಟಾ ಸುಮ್ಮನಾದರು.

"ಕಿರಿಕಿರಿ ಹೆಂಡ್ತಿ ಅನ್ನಿಸಿಕೊಳ್ಳೋದು ಯಾಕೆ ಅಂತ ಸುಮ್ನಾದೆ. ಅಷ್ಟೇ ಕಾರಣ. ಬೇರೆ ಏನೂ ಇರಲಿಲ್ಲ."

ಅಂಚೆ ಕಚೇರಿಯೊಳಗೆ ಪಿಸ್ತೂಲು ಒಯ್ಯುವಂತಿಲ್ಲ. ಅವತ್ತು ಡೆನ್ವರ್ ರಸ್ತೆಯಾಚೆ ಟ್ರಕ್ಕು ನಿಲ್ಲಿಸಿ, ಪಿಸ್ತೂಲು ತೆಗೆದು ಸೀಟಿನ ಕೆಳಗಿಟ್ಟು ಒಳಗೆ ಹೋದರು. ಪಕ್ಕದ ಜಿಲ್ಲೆಯ ಒಬ್ಬರಿಗೆ ಓಲೀಟಾ ಹೊಲಿದ ಹೊಸ ಒರೆಯ ಪೊಟ್ಟಣ ಕಳಿಸಿ ವಾಪಸು ಬಂದರು. ಕೂತಲ್ಲೇ, ನೋಡದೆ, ಪಿಸ್ತೂಲನ್ನು ಸೊಂಟಕ್ಕೆ ತೂರಿಸಿದರು. ಗುಂಡು ತೊಡೆಯ ದೊಡ್ಡ ರಕ್ತನಾಳವನ್ನು ಹರಿದುಕೊಂಡು ಹೋಯಿತು. ಕಣಿವೆಯ ತುದಿಯ ಊರಿಗೆ ಆಂಬುಲೆನ್ಸ್ ಬರಲು ಇಪ್ಪತ್ತಾರು ನಿಮಿಷ ಬೇಕು. ಡೆನ್ವರ್‌ಗೆ ಉಳಿದಿದ್ದು ಅದರ ಕಾಲು ಭಾಗವೂ ಅಲ್ಲ.

ಅಂತ್ಯಕ್ರಿಯೆಯಾದ ಮರುವಾರ ಓಲೀಟಾ ಮತ್ತೆ ಶೆಡ್ಡಿಗೆ ಕೂತರು. ಊರು ಆಡಿಕೊಂಡಿತು. ಕೆಲಸ ಬಿಟ್ಟಿದ್ದರೂ ಆಡಿಕೊಳ್ಳುತ್ತಿತ್ತು. ಹಳೆಯ ಬಗೆಯಲ್ಲಿ ಹೊಲಿದು ಮಾರಿದ ಒರೆಗಳು ಕಣಿವೆಯಲ್ಲಿ ನೂರಾರಿದ್ದವು. ಅವರು ವಾರಪತ್ರಿಕೆಯಲ್ಲಿ ನಾಲ್ಕು ಸಾಲಿನ ಜಾಹೀರಾತು ಹಾಕಿದರು: ನನ್ನ ಹಳೆಯ ಒರೆ ಇದ್ದವರು ತನ್ನಿ, ಹೊಸದು ಕೊಡುತ್ತೇನೆ. ವರ್ಷಕ್ಕೆರಡು ಸಲ ಈಗಲೂ ಹಾಕುತ್ತಾರೆ. ಬರುವವರು ಕಡಿಮೆ. ಚರ್ಮ ಚೆನ್ನಾಗಿದೆ ಎನಿಸಿದವರು ಯಾಕೆ ಬರುತ್ತಾರೆ?

ಹೋಬರ್ಟ್ ಬಂದದ್ದೂ ಜಾಹೀರಾತು ನೋಡಿ ಅಲ್ಲ. ಒರೆಯನ್ನು ಬೆಲ್ಟಿಗೆ ಸಿಕ್ಕಿಸುವ ಕೊಕ್ಕೆಯ ಹತ್ತಿರ ದಾರ ಬಿಟ್ಟಿತ್ತು, ಹೊಲಿಸಲು ಬಂದಿದ್ದರು. ಓಲೀಟಾ ಪಿಸ್ತೂಲು ಹೊರತೆಗೆಸಿ, ಖಾಲಿ ಒರೆಯ ಬಾಯನ್ನು ಎರಡು ಬೆರಳಲ್ಲಿ ಹಿಡಿದರು. ಹಳೇ ಕಾಲುಚೀಲದಂತೆ ಕುಸಿಯಿತು.

"ಹೋಬರ್ಟ್, ಇದು ಸತ್ತು ಹೋಗಿದೆ."

"ಸತ್ತಿಲ್ಲ, ಪಳಗಿದೆ. ನೀನು ಹೊಲಿಗೆ ಹಾಕು."

"ಇದು ಎಡಗೈಯವರದ್ದು ಮಾರಾಯ. ಆರ್ಡಿತ್ ಎಡಗೈಯವಳು. ನೀನು ಬಲಕ್ಕೆ ಸಿಕ್ಕಿಸಿಕೊಂಡ್ರೆ ಹಿಡಿ ಮುಂದಕ್ಕೆ ಬರತ್ತೆ. ಕೈ ತಿರುಚಿಕೊಂಡು ತೂರಿಸ್ತಿದ್ದೀಯ ತಾನೆ?"

"ಬಸ್ಸಲ್ಲಿ ಅರವತ್ತು ಮಕ್ಕಳನ್ನ ಕೂರಿಸಿಕೊಂಡು ಹಿಮದಲ್ಲಿ ಹಿಂದಕ್ಕೆ ಓಡಿಸಿದೋನು ನಾನು. ಕೈ ಎಲ್ಲಿಡಬೇಕು ಅಂತ ನಿನ್ನಿಂದ ಕಲೀಬೇಕಾ?"

"ಹೊಲಿಯಲ್ಲ. ಹೊಸದು ಮಾಡಿಕೊಡ್ತೀನಿ. ಇದನ್ನ ಬಿಟ್ಟು ಹೋಗು."

ಹೋಬರ್ಟ್ ಒರೆಯನ್ನು ಕಿತ್ತುಕೊಂಡರು. ಅದರ ಮೇಲೆ ಡಾಗ್‌ವುಡ್ ಮರದ ನಾಲ್ಕೆಸಳಿನ ಹೂವೊಂದರ ಚಿತ್ರ ಒತ್ತಿದೆ, ಆರ್ಡಿತ್ ಕೇಳಿ ಹಾಕಿಸಿಕೊಂಡದ್ದು. "ಇದು ಅವಳ ಬೆವರು ಕುಡಿದಿರೋ ಚರ್ಮ. ಅವಳ ಬಟ್ಟೆ ಎಲ್ಲಾ ಮಗಳು ಒಯ್ದು ಚರ್ಚಿಗೆ ಕೊಟ್ಟುಬಿಟ್ಳು. ಉಳಿದಿರೋದು ಇದೊಂದೇ" ಎಂದರು. ಬಾಗಿಲ ಹತ್ತಿರ ಹೋಗಿ ತಿರುಗಿದರು. "ನಿನ್ನ ಗಂಡ ಸತ್ತ ಅಂತ ಊರಲ್ಲಿ ಎಲ್ಲರೂ ಸಾಯ್ತಾರೇನು?"

 ಆಮೇಲೆ ನಾಲ್ಕು ದಿನದಲ್ಲಿ ಓಲೀಟಾ ಮೂರು ಸಲ ಫೋನ್ ಮಾಡಿದರು. ಹೋಬರ್ಟ್ ಎರಡು ಸಲ ಎತ್ತಲಿಲ್ಲ. ಒಮ್ಮೆ ಎತ್ತಿ ಇಟ್ಟರು. ನಾಲ್ಕನೇ ಬೆಳಿಗ್ಗೆ ಓಲೀಟಾ ಅಚ್ಚು ಇಳಿಸಿ ಚರ್ಮ ನೆನೆಸಿದರು. ಬಲಗೈಗೆ, ಬಿಗಿ ಭುಜಕ್ಕೆ, ಹೋಬರ್ಟರ ಹೊಟ್ಟೆಗೆ. ಅಳತೆ ಹಿಡಿದಿಲ್ಲ, ಕಣ್ಣಂದಾಜು.

ಮಂಗಳವಾರ ಮಧ್ಯಾಹ್ನ ಒರೆ ಸಿದ್ಧವಾಗಿದೆ. ಓಲೀಟಾ ಅದನ್ನು ಕಾಗದದ ಚೀಲದಲ್ಲಿಟ್ಟುಕೊಂಡು, ಜೊತೆಗೆ ಮಾಂಸ ತುಂಬಿದ ನಾಲ್ಕು ಪೆಪ್ಪರೋನಿ ರೋಲು ಕಟ್ಟಿಕೊಂಡು ಹೋಬರ್ಟರ ಮನೆಗೆ ಹೋಗುತ್ತಾರೆ. ಹೋಬರ್ಟ್ ಜಗಲಿಯ ಕುರ್ಚಿಯಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದಾರೆ.

"ರೋಲು ಇಟ್ಟು ಹೋಗು. ಮಾತು ಬೇಡ."

"ಮಾತಾಡಲ್ಲ. ಪಿಸ್ತೂಲು ಖಾಲಿ ಮಾಡು."

ಯಾಕೆಂದು ಕೇಳದೆ ಹೋಬರ್ಟ್ ಮಾಡುತ್ತಾರೆ. ವಾದ ಮಾಡುವುದಕ್ಕಿಂತ ಅದೇ ಸುಲಭ. ಗುಂಡುಗಳನ್ನು ಓಲೀಟಾ ಅಡುಗೆಮನೆಯ ಮೇಜಿನ ಮೇಲಿಟ್ಟು ಬರುತ್ತಾರೆ. ಪಿಸ್ತೂಲಿನಲ್ಲಿ ಗುಂಡು ಕೂರುವ ಜಾಗಕ್ಕೆ ಕಿರುಬೆರಳು ತೂರಿಸಿ ಖಾಲಿಯೆಂದು ಎರಡು ಸಲ ನೋಡುತ್ತಾರೆ. "ದಿನಾ ಹೇಗೆ ಇಡ್ತೀಯೋ ಹಾಗೇ ಸಜ್ಜು ಮಾಡಿ, ಸೇಫ್ಟಿ ಚಿಲಕ ಹಾಕಿ, ಕೂತಲ್ಲೇ ಒರೆಗೆ ಹಾಕು. ತೆಗಿ. ಮತ್ತೆ ಹಾಕು. ಹತ್ತು ಸಲ ಹಾಕು, ಆಮೇಲೆ ನಾನು ಹೋಗ್ತೀನಿ."

"ಹುಚ್ಚು ಹೆಂಗಸು."

ಒಂದನೇ ಸಲ ಏನೂ ಆಗುವುದಿಲ್ಲ. ಎರಡು, ಮೂರು, ನಾಲ್ಕು. ಹೋಬರ್ಟ್ ಓಲೀಟಾರ ಮುಖ ನೋಡಿ ಹುಬ್ಬು ಹಾರಿಸುತ್ತಾರೆ. ಐದು, ಆರು. ಏಳನೇ ಸಲ, ತಿರುಚಿದ ಮಣಿಕಟ್ಟು ಹೊಟ್ಟೆಯ ಪಕ್ಕಕ್ಕೆ ಇಳಿಯುವಾಗ, ಅಂಗಿಯ ಕೆಳಗಿನಿಂದ ಒಂದು ಸದ್ದು ಬರುತ್ತದೆ.

ಟಕ್.

ಹೋಬರ್ಟರ ಕೈ ಅಲ್ಲೇ ನಿಲ್ಲುತ್ತದೆ. ಖಾಲಿ ಪಿಸ್ತೂಲಿನ ಟ್ರಿಗರು ಒತ್ತಿಕೊಂಡ ಸದ್ದು ಅದು.

"ಸೇಫ್ಟಿ ಹಾಕಿದ್ದೆ ನಾನು" ಎನ್ನುತ್ತಾರೆ ಹೋಬರ್ಟ್.

"ಹಾಕಿದ್ದೆ. ತಿರುಚಿ ತೂರಿಸುವಾಗ ನಿನ್ನ ಅಂಗೈನೇ ಅದನ್ನ ತಳ್ತು. ಮಿಕ್ಕಿದ್ದು ಚರ್ಮ ನೋಡ್ಕೊಳ್ತು."

"ದಿನಕ್ಕೆ ನಾಕೈದು ಸಲ ತೆಗೆದು ಹಾಕ್ತೀನಿ. ಫೆಬ್ರವರಿಯಿಂದ."

"ಗೊತ್ತು."

ಹೋಬರ್ಟ್ ಒರೆಯನ್ನು ಸೊಂಟದಿಂದ ಬಿಚ್ಚಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಹೆಬ್ಬೆರಳು ಹೂವಿನ ಮೇಲೆ ಓಡಾಡುತ್ತದೆ. ಓಲೀಟಾ ಕತ್ತರಿ ತಂದಿದ್ದಾರೆ, ಆದರೆ ಚೀಲದಿಂದ ತೆಗೆಯುವುದಿಲ್ಲ. ಕೊನೆಗೆ ಹೋಬರ್ಟರೇ ಒಳಗೆ ಹೋಗಿ ಅಡುಗೆಮನೆಯ ಕತ್ತರಿ ತರುತ್ತಾರೆ, ಆರ್ಡಿತ್ ಕೋಳಿ ತುಂಡು ಮಾಡುತ್ತಿದ್ದ ಕತ್ತರಿ. ದಪ್ಪ ಚರ್ಮಕ್ಕೆ ಅದು ಸಾಲದು. ಆದರೆ ಈ ಚರ್ಮ ಎಷ್ಟು ಸೋತಿದೆಯೆಂದರೆ ಒರೆಯ ಬಾಯಿಗೆ ಅವರು ಕತ್ತರಿ ಹಾಕುತ್ತಲೇ ಹಳೆಯ ಸವೆದ ಬಟ್ಟೆಯಂತೆ ಒಂದೇ ಸಲಕ್ಕೆ ತುಂಡಾಗುತ್ತದೆ. ಅದು ಅಷ್ಟು ಸುಲಭವಾದದ್ದನ್ನೇ ಹೋಬರ್ಟರಿಗೆ ತಡೆದುಕೊಳ್ಳಲಾಗುವುದಿಲ್ಲ. ಮುಖ ಆಚೆ ತಿರುಗಿಸಿ ಬೀನ್ಸಿನ ಪಾತ್ರೆಯೊಳಗೆ ಕೈ ಆಡಿಸುತ್ತಾರೆ, ಮುರಿಯುವುದಿಲ್ಲ.

"ಹೂವು ನೀನು ಇಟ್ಕೋ. ಬಾಯಿ ನಾನು ಒಯ್ತೀನಿ" ಎನ್ನುತ್ತಾರೆ ಓಲೀಟಾ.

ಹೊಸದನ್ನು ಸಿಕ್ಕಿಸಿ ನೋಡುವ ಮನಸ್ಸು ಹೋಬರ್ಟರಿಗೆ ಅವತ್ತು ಇರಲಿಲ್ಲ. ಹೊಸ ಒರೆಯ ಚೀಲ ಜಗಲಿಯಲ್ಲೇ ಉಳಿಯಿತು. ಓಲೀಟಾ ಹಟ ಮಾಡಲಿಲ್ಲ. ಪಿಸ್ತೂಲು, ಗುಂಡು ಎರಡೂ ಬೇರೆ ಬೇರೆ ಡ್ರಾಯರಿಗೆ ಹೋದದ್ದನ್ನು ನೋಡಿಯೇ ಮೆಟ್ಟಿಲಿಳಿದರು.

ಇದಾಗಿ ಎರಡು ವಾರ. ಶೆಡ್ಡಿನಲ್ಲಿ ಬೆಳಗಿನ ಕೆಲಸ ನಡೆದಿದೆ. ಇವತ್ತು ನೆನೆದಿರುವುದು ನಿವೃತ್ತ ಗಣಿ ಕೆಲಸಗಾರನೊಬ್ಬನ ಒರೆ, ಕೂತರೆ ಉಸಿರು ಕಟ್ಟುವ ಮನುಷ್ಯ, ಬೆಲ್ಟು ಬಿಗಿಯುವಂತಿಲ್ಲ. ಓಲೀಟಾರ ಹೆಬ್ಬೆರಳು ಇನ್ನೆಷ್ಟು ವರ್ಷ ಒತ್ತುತ್ತದೆ ಎಂದು ವೈದ್ಯರು ಹೇಳಿಲ್ಲ, ಅವರು ಕೇಳಿಯೂ ಇಲ್ಲ. ಅವರಿಗೆ ಲೆಕ್ಕಕ್ಕೆ ಸಿಗದಿರುವುದು ಇನ್ನೂ ಯಾರ್ಯಾರ ಸೊಂಟದಲ್ಲಿ ತಮ್ಮ ಹಳೆಯ ಹೊಲಿಗೆ ಇದೆ ಎಂಬುದು.

ಏಳು ಗಂಟೆಗೆ ಫೋನು ಬಡಿದುಕೊಳ್ಳುತ್ತದೆ. ಹೋಬರ್ಟ್. ದನಿ ಶೆಡ್ಡಿನ ಈ ತುದಿಗೂ ಕೇಳುತ್ತದೆ. ಹೊಸ ಒರೆ ಪಕ್ಕೆಗೆ ಚುಚ್ಚುತ್ತದಂತೆ, ಬಗ್ಗಿದರೆ ಕಿರ್ ಅನ್ನುತ್ತದಂತೆ, ಇದನ್ನು ಹೊಲಿದವರಿಗೆ ಮನುಷ್ಯನ ಮೈ ಹೇಗಿರುತ್ತದೆಂದೇ ಗೊತ್ತಿಲ್ಲವಂತೆ. ಓಲೀಟಾ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಳ್ಳುತ್ತಾರೆ. "ಹೂಂ, ಚುಚ್ಚತ್ತೆ" ಎಂದು ಫೋನು ಇಡುತ್ತಾರೆ.

"ನಿನ್ನೇನೂ ಬೈದ, ಮೊನ್ನೇನೂ ಬೈದ" ಎನ್ನುತ್ತಾರೆ, ಮತ್ತೆ ಚರ್ಮಕ್ಕೆ ಬೆರಳು ಹಚ್ಚುತ್ತಾ. "ಚರ್ಮ ಮೈಗೆ ಹೊಂದಕ್ಕೆ ಮೂರು ತಿಂಗಳು ಬೇಕು. ಅಲ್ಲಿವರೆಗೂ ದಿನಾ ಬೈಲಿ. ಬೈಯಕ್ಕೆ ಇದ್ದಾನಲ್ಲ."