ಅಡ್ಡ ಹಾಸಿದ ಮುಸಲ್ಲಾ

ಹತ್ತೊಂಬತ್ತು ವರ್ಷ ಅರಬ್ ದೇಶದ ಅಲ್ ಖೋಬರಿನಲ್ಲಿದ್ದು ಎಂತ ನೋಡಿದಿರಿ ಅಂತ ಯಾರಾದರೂ ಕೇಳಿದರೆ ಕಡಲ ಬದಿಯ ರಸ್ತೆ, ಎರಡು ಮಾಲು, ಮಗಳ ಶಾಲೆಯ ಗೇಟು, ಮತ್ತೆ ನಾನು ಬೀಗ ಹಾಕಿ ತೆಗೆಯುತ್ತಿದ್ದ ಕಂಪನಿಯ ಗೋದಾಮು ಅಂತಲೇ ಹೇಳಬೇಕು. ಒಂದೂವರೆ ತಾಸು ಕಾರು ಓಡಿಸಿದರೆ ಅಲ್ ಅಹ್ಸಾ. ಅಲ್ಲಿ ಖರ್ಜೂರದ ತೋಟಗಳು, ನೀರಿನ ಬುಗ್ಗೆಗಳು, ಮಣ್ಣಿನ ಹಳೆಯ ಮಸೀದಿ, ಹೊಟ್ಟೆಯೆಲ್ಲ ಗುಹೆಯಾಗಿರುವ ಒಂದು ಗುಡ್ಡ. ಹೆಂಡತಿ ಪ್ರತಿ ಚಳಿಗಾಲ ಕೇಳುತ್ತಿದ್ದಳು. ನಾನು ಪ್ರತಿ ಚಳಿಗಾಲ ಕಾರಿನ ಟಯರು ಮುಟ್ಟಿ ನೋಡಿ, ಬರುವ ವರ್ಷ ಹೋಗುವ ಅನ್ನುತ್ತಿದ್ದೆ.

ಬರುವ ವರ್ಷ ಎಂಬುದು ಇಲ್ಲ ಎಂದು ಗೊತ್ತಾದ ಮೇಲೆ ಹೋದೆವು. ಕಂಪನಿ ನಮ್ಮ ವಿಭಾಗ ಮುಚ್ಚಿತು, ವೀಸಾಕ್ಕೆ ಹೊಣೆ ನಿಲ್ಲುವ ಬೇರೆ ಕಫೀಲ್ ಸಿಗಲಿಲ್ಲ, ಮೂವರಿಗೂ ಫೈನಲ್ ಎಕ್ಸಿಟ್ ಆಯಿತು. ಅಂದರೆ ಹೊರಗೆ ಹೋಗುವುದಕ್ಕೆ ಮಾತ್ರ ಇರುವ ಬಾಗಿಲು. ಅದರ ಅವಧಿ ಭಾನುವಾರ ಮುಗಿಯುತ್ತಿತ್ತು. ಮಂಗಳೂರಿನ ವಿಮಾನ ಶನಿವಾರ ಸಂಜೆ. ಉಳಿದದ್ದು ಶುಕ್ರವಾರ ಒಂದೇ.

"ನಾಳೆ ವಿಮಾನ ಹತ್ತುವವರು ಇವತ್ತು ಗುಡ್ಡ ಹತ್ತುವುದುಂಟಾ ಮಾರಾಯ್ತಿ?" ಎಂದೆ.

"ಹತ್ತೊಂಬತ್ತು ವರ್ಷ ಹತ್ತದವರು ಇನ್ನು ಯಾವಾಗ ಹತ್ತುವುದು?" ಎಂದಳು. ಕಾರ್ಗೋ ಪೆಟ್ಟಿಗೆಯಿಂದ ಹರಿದ ರಟ್ಟಿನ ಮೇಲೆ ಪಟ್ಟಿ ಬರೆದಾಗಿತ್ತು: ಬುಗ್ಗೆ, ಮಸೀದಿ, ಕುಂಬಾರರ ಅಂಗಡಿ, ಗುಡ್ಡ. ಗುಡ್ಡದ ಕೆಳಗೆ ಎರಡು ಗೆರೆ.

ಮೂರು ಪಾಸ್‌ಪೋರ್ಟುಗಳನ್ನು ಎಲ್ಲಿಡುವುದು ಎಂಬುದು ನನ್ನ ಸಮಸ್ಯೆ. ಮನೆಯಲ್ಲಿಡುವ ಹಾಗಿಲ್ಲ, ಕಪಾಟು ಮಾರಿಯಾಗಿತ್ತು, ಬೀಗದ ಇನ್ನೊಂದು ಕೀಲಿ ಕಟ್ಟಡದ ಕಾವಲುಗಾರನ ಹತ್ತಿರ. ಕಾರಿನಲ್ಲಿಟ್ಟರೆ ಗಾಜು ಒಡೆದರೆ? ಚೀಲದಲ್ಲಿಟ್ಟರೆ ಚೀಲ ಬಿದ್ದರೆ? ಕೊನೆಗೆ ಹೊಳೆಯಿತು. ನನ್ನ ಮಂಡಿನೋವಿಗೆಂದು ಹೆಂಡತಿ ನಮಾಜಿನ ಚಾಪೆಗೆ, ನಮ್ಮ ಮುಸಲ್ಲಾಕ್ಕೆ, ಒಳಗೆ ತೆಳು ಸ್ಪಂಜು ಇಟ್ಟು ಜಿಪ್ಪಿನ ಕವರು ಹೊಲಿದಿದ್ದಳು. ಪಾಸ್‌ಪೋರ್ಟುಗಳನ್ನು ಸ್ಪಂಜಿನ ಕೆಳಗೆ ಸೇರಿಸಿ ಜಿಪ್ ಎಳೆದೆ. ಮುಸಲ್ಲಾವನ್ನು ಯಾರು ಕದಿಯುತ್ತಾರೆ? ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಬುಗ್ಗೆಯ ಬಳಿ, ತೋಟದ ದಾರಿಯಲ್ಲಿ, ಎಲ್ಲ ಕಡೆ ಅದು ನನ್ನ ಕಂಕುಳಲ್ಲೇ ಇತ್ತು. ಹದಿನೈದರ ಮಗಳು ನಕ್ಕಳು. "ಉಪ್ಪ, ಫೋಟೋಗಾದರೂ ಕೆಳಗಿಡಿ. ಚಾಪೆ ಮಾರಲು ಬಂದವರ ಹಾಗೆ ಕಾಣ್ತೀರಿ."

ಜುಮಾ ನಮಾಜಿನ ಹೊತ್ತಿಗೆ ಮಣ್ಣಿನ ಮಸೀದಿಗೆ ಬಂದೆವು. ಶುಕ್ರವಾರದ ಮಾಮೂಲಿನಂತೆ ಕಾರಿನ ಹಿಂದೆ ಕಾರು, ಅದರ ಹಿಂದೆ ನಮ್ಮದು. ತಾಯಿ ಮಗಳು ಕಾರಿನಲ್ಲೇ ಕುಳಿತರು. ಒಳಗೆ ಜಾಗವಿಲ್ಲದೆ ನಾನು ಅಂಗಳದ ಸಾಲಿನಲ್ಲಿ ನಿಂತೆ. ಪಕ್ಕದಲ್ಲಿ ಒಬ್ಬ ಅರಬ್ ಮುದುಕ, ಬರಿಗಲ್ಲಿನ ಮೇಲೆ. ಇಂಥಲ್ಲಿ ಮುಸಲ್ಲಾ ಇದ್ದವನು ಅದನ್ನು ಅಡ್ಡ ಹಾಸಬೇಕು. ಇಬ್ಬರ ಮಂಡಿ ಕಲ್ಲಿಗೆ, ಇಬ್ಬರ ಹಣೆ ಬಟ್ಟೆಗೆ. ಹಾಸಿದೆ. ಮುದುಕ ಎದೆಗೆ ಕೈಯಿಟ್ಟು ತಲೆಬಾಗಿದ. ನನ್ನ ಹಣೆ ಹೆಂಡತಿಯ ಪಾಸ್‌ಪೋರ್ಟಿನ ಮೇಲೆ, ಅವನದು ಬಹುಶಃ ನನ್ನದರ ಮೇಲೆ.

ನಮಾಜ್ ಮುಗಿಯಿತು. ಮುದುಕನದು ಮುಗಿಯಲಿಲ್ಲ. ಎದ್ದು ಸುನ್ನತ್ತಿನ ಹೆಚ್ಚುವರಿ ನಮಾಜ್ ಶುರು ಮಾಡಿದ. ನಮಾಜಿನಲ್ಲಿರುವವನ ಹಣೆಯ ಕೆಳಗಿನಿಂದ ಬಟ್ಟೆ ಎಳೆಯಲಿಕ್ಕಾಗುತ್ತದಾ? ಕಾದೆ. ಎರಡು ರಕಅತ್, ಎರಡು ಸುತ್ತು, ಮುಗಿಸಿ ಮತ್ತೆ ಎರಡಕ್ಕೆ ಎದ್ದ. ಆಗ ಜೇಬಿನಲ್ಲಿ ಫೋನು ನಡುಗಿತು.

"ಉಪ್ಪ, ಬೇಗ! ನಾಲ್ಕು ಕಾರಿನವರು ಹಾರ್ನ್ ಹೊಡೀತಿದ್ದಾರೆ. ಒಬ್ಬ ಗಾಜು ಬಡೀತಿದ್ದಾನೆ!"

ಓಡಿದೆ. ಕಾರು ಸರಿಸಿ ಮರಳಿ ಬರುವುದು ಎಂದುಕೊಂಡೇ ಓಡಿದ್ದು. ಆದರೆ "ಯಲ್ಲಾ, ಯಲ್ಲಾ" ಎನ್ನುವವರ ಮಧ್ಯೆ ಮುಂದೆ ಸರಿಸಿ, ಇನ್ನೂ ಮುಂದೆ ಸರಿಸಿ, ಬೈಗುಳಕ್ಕೆ ಸಲಾಂ ಹೇಳಿ, ದೊಡ್ಡ ರಸ್ತೆಗೆ ಬಂದಾಗ ಬದುಕಿದೆ ಅನ್ನಿಸಿತು. ಆ ನೆಮ್ಮದಿಯಲ್ಲಿ ಸೀದಾ ಗುಡ್ಡಕ್ಕೆ ಹೊಡೆದೆ. ಜೀವಮಾನದಲ್ಲಿ ಒಮ್ಮೆ ಚಿಂತೆ ಬಿಟ್ಟವನ ಪಾಡು ಇದು.

ಗುಡ್ಡದ ಟಿಕೆಟಿನ ಸಾಲಿನಲ್ಲಿ ಕಂಕುಳು ಹಗುರವೆನಿಸಿತು. ಮುಟ್ಟಿ ನೋಡಿದೆ. ಮತ್ತೆ ಮುಟ್ಟಿದೆ, ಅಲ್ಲಿ ಮರೆತು ಉಳಿದಿರಬಹುದು ಎಂಬಂತೆ.

"ಎಂತ ಆಯ್ತು? ಎದೆ ನೋವಾ?" ಹೆಂಡತಿ ಗಾಬರಿಯಾದಳು.

"ಅಲ್ಲ, ಮುಸಲ್ಲಾ."

"ಅಷ್ಟೇನಾ? ಹೋದರೆ ಹೋಗಲಿ, ಊರಲ್ಲಿ ಹೊಸದು ಹೊಲಿದು ಕೊಡ್ತೇನೆ."

ಅದರೊಳಗೆ ಏನಿತ್ತೆಂದು ಆಗ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಟಿಕೆಟಿನ ಸಾಲಿನಿಂದ ಹೊರಗೆ ಬಂದು ಕಾರಿನ ಬಾಗಿಲ ಬಳಿ ನಿಂತಳು.

ಮಸೀದಿಗೆ ಬಂದರೆ ಬೀಗ. ಅಂಗಳ ಗುಡಿಸಿ ಒರೆಸಿದಂತೆ ಖಾಲಿ. ಇನ್ನು ತೆರೆಯುವುದು ಮಧ್ಯಾಹ್ನದ ನಂತರದ ಅಸರ್ ನಮಾಜಿನ ಬಾಂಗಿಗೆ, ಎರಡು ಗಂಟೆ ಉಂಟು. ಬಾಗಿಲ ಸಂದಿಗೆ ಕಣ್ಣಿಟ್ಟೆ, ಹಿಂದೆ ಹೋಗಿ ಕಿಟಕಿಗೆ ಕಣ್ಣಿಟ್ಟೆ, ಶೌಚಾಲಯದ ಕಡೆಯ ಕಸದ ಡಬ್ಬಿಗೂ ಕಣ್ಣಿಟ್ಟೆ. ತಲೆಯೊಳಗೆ ದಿನಗಳ ಲೆಕ್ಕ ಓಡುತ್ತಿತ್ತು. ಇವತ್ತು, ನಾಳೆ ರಾಯಭಾರ ಕಚೇರಿಗೆ ರಜೆ. ಭಾನುವಾರ ಎಕ್ಸಿಟ್ ಮುಗಿದು ನಾವು ಈ ದೇಶದಲ್ಲಿ ಇರಬಾರದವರಾಗುತ್ತೇವೆ. ಮನೆಯ ಕೀಲಿ ನಾಳೆ ಬೆಳಿಗ್ಗೆ ಕೊಡಬೇಕು. ಇರುವ ಹಾಗೂ ಇಲ್ಲ, ಹೋಗುವ ಹಾಗೂ ಇಲ್ಲ. ಮಗಳಿಗೆ ಊರಿನ ಕಾಲೇಜಿನಲ್ಲಿ ಸೋಮವಾರ ಹಾಜರಾಗಲು ಹೇಳಿದ್ದರು.

"ಉಪ್ಪ, ಕೂತುಕೊಳ್ಳಿ. ನೀವು ಇಪ್ಪತ್ತು ಸಲ ಸುತ್ತು ಹೊಡೆದಿರಿ," ಎಂದಳು ಮಗಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಅದೇ ನನ್ನನ್ನು ಹೆದರಿಸಿತು.

"ನೀವಿಬ್ಬರು ಗುಡ್ಡ ನೋಡಿ ಬನ್ನಿ," ಎಂದೆ. ಹೆಂಡತಿ ಮೆಟ್ಟಿಲ ಮೇಲೆ ಕುಳಿತು ನೈಪತ್ತಿರ್ ಡಬ್ಬಿ ತೆರೆದಳು. "ತಿನ್ನಿ. ಹಸಿದ ಹೊಟ್ಟೆಯಲ್ಲಿ ನೀವು ಇನ್ನೂ ಕೆಟ್ಟದ್ದು ಯೋಚಿಸ್ತೀರಿ." ಅವಳ ರೊಟ್ಟಿ ಮೊದಲ ಸಲ ಬಾಯಲ್ಲಿ ಮಣ್ಣಿನ ಹಾಗೆ ಉಳಿಯಿತು. ದೂರದಲ್ಲಿ ಗುಡ್ಡ ಕಾಣುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ನಾನು ಬೀಗವನ್ನು.

ಬಾಂಗಿಗೆ ಸ್ವಲ್ಪ ಮೊದಲು ಕಸಗುಡಿಸುವ ಬಂಗಾಳಿ ಕೀಲಿ ತಂದ. "ಮುಸಲ್ಲಾ? ಬಿಟ್ಟುಹೋದವೆಲ್ಲ ಇಲ್ಲಿವೆ ಭಾಯ್," ಎಂದು ಹಿಂದಿಯಲ್ಲಿ ಹೇಳಿ ಮೂಲೆಯ ಕೋಣೆ ತೆರೆದ. ಎದೆಮಟ್ಟದ ರಾಶಿ. ಎಲ್ಲವೂ ಕೆಂಪು ಹಸಿರು, ಎಲ್ಲದರ ಮೇಲೂ ಗುಮ್ಮಟದ ಚಿತ್ರ. ಒಂದೊಂದನ್ನೂ ಹಿಟ್ಟು ನಾದುವಂತೆ ಹಿಸುಕಿದೆ. ಆತ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಚಿನ್ನ ಇಟ್ಟಿದ್ದೀರಾ ಭಾಯ್?"

ಕೊನೆಯದು ಕೈಗೆ ಬಂತು. ತೆಳ್ಳಗೆ, ಸ್ಪಂಜಿಲ್ಲದ್ದು. ಅದನ್ನು ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟೆ. ನಲವತ್ತೆಂಟು ವರ್ಷದ ಗಂಡಸು, ಗೋದಾಮಿನಲ್ಲಿ ಒಂದು ಬೋಲ್ಟು ಕಳೆಯದವನು, ಯಾರದ್ದೋ ಚಾಪೆ ಎದೆಗವಚಿ ಅತ್ತೆ. ಬಂಗಾಳಿ ನೀರು ತಂದುಕೊಟ್ಟ.

ಬಾಂಗ್ ಆಯಿತು. ಕಣ್ಣು ಒರೆಸಿಕೊಂಡು ಎದ್ದು, ಅಭ್ಯಾಸದ ಕಾಲುಗಳು ಒಯ್ದಲ್ಲಿಗೆ ಹೋಗಿ ಸಾಲಿನಲ್ಲಿ ನಿಂತೆ. ಪಕ್ಕದಲ್ಲಿ ಯಾರೋ ಕೆಮ್ಮಿದರು. ಮುದುಕ. ಭುಜದ ಮೇಲೆ ನನ್ನ ಮುಸಲ್ಲಾ.

ಇಲ್ಲಿ ಬಿಟ್ಟರೆ ರಾಶಿಗೆ ಸೇರುತ್ತದೆ, ಕೈಯಲ್ಲಿ ಹೊಲಿದದ್ದು, ಅದಕ್ಕೇ ಮನೆಗೆ ಒಯ್ದೆ ಎಂದು ಆಮೇಲೆ ಕೈಸನ್ನೆ ಕೂಡಿಸಿ ಹೇಳಿದ. ಆಗ ನನ್ನನ್ನು ನೋಡಿದ, ಮುಸಲ್ಲಾ ಬಿಡಿಸಿದ, ಅಡ್ಡ ಹಾಸಿದ, ನನ್ನ ಪಾಲಿನ ಅರ್ಧದ ಮೇಲೆ ಕೈ ಸವರಿ "ತಫದ್ದಲ್" ಎಂದ. ಮಸೀದಿಯೊಳಗೆ ಕೆಂಪು ನೆಲಗಂಬಳಿಯೇ ಇತ್ತು, ಹಾಸುವ ಅಗತ್ಯವೂ ಇರಲಿಲ್ಲ. ಹಣೆಯಿಟ್ಟಾಗ ಬಟ್ಟೆಯ ಕೆಳಗೆ ಆ ಗಟ್ಟಿ ಅಂಚು ತಗುಲಿತು. ಏಳಲು ಮನಸ್ಸಾಗಲಿಲ್ಲ. ನನ್ನ ಜಾಗದಿಂದ ಬಿಕ್ಕಿದ ಸದ್ದು ಬಂದಿರಬೇಕು, ಸಲಾಂ ಹೇಳಿ ತಿರುಗಿದಾಗ ಮುದುಕ ನನ್ನ ಬೆನ್ನು ತಟ್ಟಿದ.

ಮುಸಲ್ಲಾವನ್ನು ಮಡಚಿ ಎರಡೂ ಕೈಯಲ್ಲಿ ಕೊಟ್ಟ. ಒಳಗೆ ಏನೋ ಇದೆಯೆಂದು ಅವನಿಗೆ ಗೊತ್ತಾಗಿರಲೇಬೇಕು. ಕೇಳಲಿಲ್ಲ.

"ಮುಂದಿನ ಜುಮಾಕ್ಕೂ ಇಲ್ಲಿಗೇ ಬಾ ಗೆಳೆಯಾ. ಊಟ ನಮ್ಮ ಮನೆಯಲ್ಲಿ."

ಫೈನಲ್ ಎಕ್ಸಿಟನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು "ಇನ್ಶಾ ಅಲ್ಲಾಹ್" ಎಂದೆ. ಬೇರೆ ಏನು ಹೇಳುವುದು?

ಹೊರಗೆ ಹೆಂಡತಿ ನನ್ನ ಮುಖ ನೋಡಲಿಲ್ಲ, ಕಂಕುಳು ನೋಡಿದಳು. ನೋಡಿ, ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ರಟ್ಟಿನ ಪಟ್ಟಿ ತೆಗೆದು, "ಗುಡ್ಡ ಆರಕ್ಕೆ ಮುಚ್ಚುತ್ತದಂತೆ," ಎಂದಳು.

ಪೆಟ್ಟಿಗೆ ತೂಗಬೇಕು, ಕೀಲಿ ಕೊಡಬೇಕು, ದಾರಿಯಲ್ಲಿ ಟಯರು ಒಡೆದರೆ ಎಂದೆಲ್ಲ ನಾಲಿಗೆಯ ತುದಿಗೆ ಬಂತು.

"ಇದನ್ನು ನೀನು ಹಿಡಿ," ಎಂದು ಮುಸಲ್ಲಾವನ್ನು ಅವಳ ಕೈಗೆ ಕೊಟ್ಟು ಕಾರು ಹತ್ತಿದೆ.