ದೋಣಿ ಜಾರಿಸುವ ಮರ

ಹಾರವಾಡದ ನನ್ನ ಚಿಕ್ಕಪ್ಪ ದೋಣಿ ಮಾರಿ ಹಳೆಯ ಪಿಕಪ್ ಕೊಂಡದ್ದು ಎರಡು ಸಾವಿರದ ದಶಕದ ನಡುವೆ. ಕಾರವಾರದ ಕಡಲತೀರದಲ್ಲಿ ಮೀನೂಟ ಮಾರುವುದು ಅವನ ಯೋಜನೆ. ಅದಕ್ಕೆಂದು ಪಿಕಪ್ಪಿನ ಹಿಂಭಾಗದಲ್ಲಿ ಕೂರಿಸಲು ಪ್ಲೈವುಡ್ ಮತ್ತು ತಗಡಿನ ಪುಟ್ಟ ಕೋಣೆಯೊಂದನ್ನು ಮಾಡಿಸಿದ. ಒಳಗೆ ಒಲೆ, ಹಿಂದುಗಡೆ ಬಾಗಿಲು, ಮುಂದುಗಡೆ ಡ್ರೈವರ್ ಕ್ಯಾಬಿನ್ನಿನ ಮೇಲಕ್ಕೆ ಚಾಚಿಕೊಂಡ ಮಲಗುವ ಹಲಗೆ. ಕೋಣೆಯನ್ನು ಪಿಕಪ್ಪಿಗೆ ಏರಿಸಿದಾಗ ಆ ಚಾಚು ಕ್ಯಾಬಿನ್ನಿನ ನೆತ್ತಿಗೆ ತಾಗಿತು. ಅಳತೆ ತಪ್ಪಿದ್ದು ಅವನು, ಬೈಸಿಕೊಂಡದ್ದು ಚಿಕ್ಕಮ್ಮ. ಕೆಳಗೆ ಏನಾದರೂ ಕೊಟ್ಟು ಕೋಣೆಯನ್ನು ಒಂದು ಗೇಣು ಎತ್ತರಿಸಬೇಕಿತ್ತು.

ಚಿಕ್ಕಮ್ಮ ಅಂಕೋಲೆಯ ಪೇಟೆಯಲ್ಲಿ ಮೀನು ಕೊಯ್ದು ಕೊಡುತ್ತಿದ್ದಳು. ದೋಣಿ ಹೋದ ಮೇಲೆ ಆ ಮನೆ ನಡೆದದ್ದು ಅವಳ ಬಲಗೈಯಿಂದಲೇ.

ಮೊದಲು ಚಿರೆಕಲ್ಲು ಇಟ್ಟು ನೋಡಿದರು. ಗಾಡಿ ಅಲುಗಿದ ಕೂಡಲೇ ಅಂಚು ಪುಡಿಯಾಯಿತು. ಮೀನಿನ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳಗಳನ್ನು ಒತ್ತೊತ್ತಾಗಿ ಪೇರಿಸಿದರೆ ಹೇಗೆ ಎಂದು ಚಿಕ್ಕಮ್ಮ ಕೇಳಿದಳು.

"ಅದು ಬಂಗಡೆ ಹೊರೂಕೆ ಸಾಕು. ನಿನ್ನ ಹೊರೂಕೆ ಸಾಲೂದಿಲ್ಲ," ಅಂದ ಚಿಕ್ಕಪ್ಪ. ಸುತ್ತ ನಿಂತ ಗಂಡಸರೆಲ್ಲ ನಕ್ಕರು.

ಕೊನೆಗೆ ಅವನು ಹಿತ್ತಲಿನಿಂದ ನಾಲ್ಕು ಮರದ ತುಂಡು ಹೊತ್ತು ತಂದ. ಮರಳಿನ ಮೇಲೆ ದೋಣಿ ಎಳೆಯುವಾಗ ಕೆಳಗೆ ಹಾಸುವ ಮರ. ದೋಣಿ ಸಲೀಸಾಗಿ ಸರಿಯಲೆಂದು ನಮ್ಮವರು ಅದಕ್ಕೆ ತಾರ್ಲೆ ಮೀನಿನ ಎಣ್ಣೆ ಬಳಿಯುತ್ತಾರೆ. ವರ್ಷಗಟ್ಟಲೆ ಎಣ್ಣೆ ಕುಡಿದು ಅವು ಕಪ್ಪಾಗಿದ್ದವು.

"ದೋಣಿ ಹೊತ್ತ ಮರ ಇದು. ಈ ಡಬ್ಬಿ ಯಾವ ಲೆಕ್ಕ?"

ಚಿಕ್ಕಮ್ಮ ಮುಟ್ಟಿ ನೋಡಿ ಸೆರಗಿಗೆ ಕೈ ಒರೆಸಿಕೊಂಡಳು. "ಕೈಯೇ ನಿಲ್ಲೂದಿಲ್ಲ. ಮೊಳೆಯಾದ್ರೂ ಹೊಡೀರಿ."

"ಒಳ್ಳೆ ಮರಕ್ಕೆ ಮೊಳೆ ಹೊಡೂಕೆ ನಂಗೇನು ಹುಚ್ಚೇ? ನೀ ಮೀನು ಕೊಯ್ಯು, ಹೋಗು."

ಅಲ್ಲಿದ್ದವರೆಲ್ಲ ಮೀನುಗಾರರು. ಆ ಮರ ದೋಣಿಯ ಭಾರ ತಡೆದದ್ದನ್ನು ಎಲ್ಲರೂ ಕಂಡಿದ್ದರು, ಯಾರೂ ಬೇಡವೆನ್ನಲಿಲ್ಲ. ಕೋಣೆಯನ್ನು ಅದರ ಮೇಲೆ ಕೂರಿಸಿ, ದೋಣಿಯ ನೈಲಾನ್ ಹಗ್ಗದಿಂದ ಬಿಗಿದರು.

ಮೊದಲ ದಿನವೇ ಕಾರವಾರದ ದಾರಿಯಲ್ಲಿ, ಬಿಣಗಾದ ಏರಿನಲ್ಲಿ, ಕೋಣೆ ಹಿಂದಕ್ಕೆ ಜಾರಿತು. ಹಗ್ಗ ಹಿಗ್ಗಿತು. ಸಾರಿನ ಪಾತ್ರೆ ಉರುಳದಂತೆ ಚಿಕ್ಕಮ್ಮನನ್ನು ಒಳಗೆ ಕೂರಿಸಿದ್ದರು. ಅವಳು ಬಾಗಿಲ ಚೌಕಟ್ಟು ಹಿಡಿದಿದ್ದಳು. ಚೌಕಟ್ಟಿಗೂ ಪಿಕಪ್ಪಿನ ಹಿಂದಿನ ತಗಡಿಗೂ ನಡುವೆ ಬಲಗೈ ಸಿಕ್ಕಿತು. ಚಿಕ್ಕಪ್ಪ ಕೆಳಗಿಳಿದವನು ಮೊದಲು ಸುತ್ತು ಬಂದು ಪ್ಲೈವುಡ್ ಒಡೆದಿದೆಯೇ ಎಂದು ನೋಡಿದ. ಮುಂದೆ ಕೂತಿದ್ದ ನಾನು ಇದನ್ನು ಕಣ್ಣಾರೆ ಕಂಡೆ.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಅವಳಿಗೆ ಎಚ್ಚರವಾದಾಗ ಚಿಕ್ಕಪ್ಪ ಕೇಳಿದ್ದು ಒಂದೇ ಮಾತು: "ಅಲ್ಲಿ ಯಾಕೆ ಕೈ ಇಟ್ಟೆ?"

"ಮತ್ತೆಲ್ಲಿ ಇಡೂದು?" ಅಂದಳು.

ಪೇಟೆಯಲ್ಲಿ ಅವಳ ಜಾಗದಲ್ಲಿ ಬೇರೊಬ್ಬಳು ಕೂತಳು. ಚಿಕ್ಕಪ್ಪ ಎಣ್ಣೆಮರ ತೆಗೆದು, ಹೊಸ ಕಾಡುಮರ ಕೊಟ್ಟು, ಬೋಲ್ಟು ಹಾಕಿಸಿದ. ಅವಳ ಕೈಯ ಬ್ಯಾಂಡೇಜ್ ಇನ್ನೂ ಬಿಚ್ಚಿರಲಿಲ್ಲ. ಆಚೀಚೆಯ ಮನೆಯವರ ಎದುರು ಅವಳನ್ನು ಅಂಗಳಕ್ಕೆ ಕರೆದ.

"ದೂಡು ನೋಡ್ವ. ಹಂದತದ್ಯ?"

ಅವಳು ಎಡಗೈಯಿಂದ ದೂಡಿದಳು. ಕೋಣೆ ಅಲುಗಲಿಲ್ಲ.

"ಜೋರಾಗಿ ದೂಡೇ, ತಿಂದದ್ದು ಎಲ್ಲಿ ಹೋಯ್ತು?" ಅಂದ. ಗಂಡಸರು ಮತ್ತೆ ನಕ್ಕರು. ಅವಳು ಭುಜ ಕೊಟ್ಟು ಇನ್ನೊಮ್ಮೆ ದೂಡಿದಳು.